ಮೊದಲು ಕೆಲಸ, ಆಮೇಲೆ ಹೆಸರು

‘ನನ್ನ ಕೆಲಸ ನಾನು ಮಾಡ್ತೀನಿ, ನೋಡೋರು ನೋಡಲಿ’ ಎಂದು ತಲೆ ತಗ್ಗಿಸಿ ಕೂತಿರುವವರಿಗೇ ಈ ಮಾತು. ನೀನೂ ಆ ಪೈಕಿಯಾಗಿದ್ದರೆ ಸ್ವಲ್ಪ ಹೊತ್ತು ಕೂತು ಕೇಳು.

ಹಾಸನ, ಶಿರಸಿ, ಕೊಪ್ಪಳ, ಚಳ್ಳಕೆರೆ ಕಡೆಯಿಂದ ಬೆಂಗಳೂರಿಗೆ ಬಂದು ನೌಕರಿ ಹುಡುಕುವ ಹುಡುಗ ಹುಡುಗಿಯರನ್ನು ಸಂದರ್ಶನದ ಮೇಜಿನ ಈಚೆ ಬದಿಯಲ್ಲಿ ಕೂತು ಬಹಳ ಕಾಲ ನೋಡಿದವನು ನಾನು. ಕೆಲಸದಲ್ಲಿ ಅವರಿಗೆ ಕೊರತೆಯಿಲ್ಲ, ಹೇಳುವುದರಲ್ಲಿ ಸಂಕೋಚ. ಏನು ಮಾಡಿದಿರಿ ಎಂದು ಕೇಳಿದರೆ ‘ಅಂಥದ್ದೇನಿಲ್ಲ ಸಾರ್, ಟೀಮಲ್ಲಿ ಇದ್ದೆ’ ಎನ್ನುತ್ತಾರೆ. ಆ ಟೀಮಿನಲ್ಲಿ ನಡುರಾತ್ರಿ ಎದ್ದು ಕೂತು, ನಿಂತುಹೋದ ಸರ್ವರನ್ನು ಬೆಳಗಾಗುವಷ್ಟರಲ್ಲಿ ಸರಿ ಮಾಡಿದವರು ಅವರೇ ಆಗಿರುತ್ತಾರೆ. ಅದು ಹೊರಬರುವುದು ಮತ್ತೆ ಮತ್ತೆ ಕೆದಕಿ ಕೇಳಿದ ಮೇಲೆ. ಎಲ್ಲ ಕಡೆಯೂ ಹಾಗೆ ಕೆದಕಿ ಕೇಳುವವರು ಸಿಗುವುದಿಲ್ಲ. ಕಾರಿಡಾರಿನಲ್ಲಿ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ, ಮುಂದಿನವರನ್ನು ಕರೆಯುತ್ತಾರೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಆತ್ಮಸ್ತುತಿ ಸಲ್ಲದೆಂದು ಬಸವಣ್ಣನವರ ಕಾಲದಿಂದ ಕಲಿತು ಬಂದಿದ್ದೇವೆ. ಆ ಪಾಠವನ್ನು ಬಿಟ್ಟುಬಿಡು ಎಂದು ನಾನು ಹೇಳಲಾರೆ, ನನಗೆ ಅದರ ಮೇಲೆ ಗೌರವವಿದೆ. ಆದರೆ ಸ್ತುತಿ ಬೇರೆ, ವರದಿ ಬೇರೆ. ‘ನನ್ನಷ್ಟು ಕಷ್ಟಪಡುವವರು ಇನ್ನೊಬ್ಬರಿಲ್ಲ’ ಎಂದರೆ ಅದು ಸ್ತುತಿ. ‘ತಿಂಗಳ ಕೊನೆಯ ಲೆಕ್ಕ ಮುಗಿಯಲು ಮೂರು ದಿನ ಹಿಡಿಯುತ್ತಿತ್ತು, ಈಗ ಒಂದು ದಿನ ಸಾಕು, ಅದಕ್ಕೆ ಬೇಕಾದ ಬದಲಾವಣೆ ನಾನು ಮಾಡಿದೆ’ ಎಂದರೆ ವರದಿ. ವರದಿ ಒಪ್ಪಿಸುವುದಕ್ಕೆ ನಾಚಿಕೆ ಬೇಡ. ಸಂಬಳ ಕೊಡುವವರಿಗೆ ಅದನ್ನು ಕೇಳುವ ಹಕ್ಕಿದೆ, ದುಡಿದ ನಿನಗೆ ಅದನ್ನು ಹೇಳುವ ಹಕ್ಕಿದೆ.

ಈಗ ಎಲ್ಲೆಡೆ ‘ಪರ್ಸನಲ್ ಬ್ರ್ಯಾಂಡ್’ ಎಂಬ ಮಾತು ಕೇಳುತ್ತಿರುತ್ತೀಯ. 1997ರ ಆಗಸ್ಟ್‌ನಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಟಾಮ್ ಪೀಟರ್ಸ್ ಬರೆದ ಒಂದು ಲೇಖನದಿಂದ ಅದು ಊರೂರಿಗೆ ಹಬ್ಬಿತು. ಯಾವ ಕಂಪನಿಯಲ್ಲಿದ್ದರೂ ನೌಕರನು ತನಗೆ ತಾನೇ ಮುಖ್ಯಸ್ಥ ಎಂದು ತಿಳಿದು ನಡೆಯಬೇಕು ಎಂಬುದು ಅವರ ವಾದದ ತಿರುಳು. ಅದರಲ್ಲಿ ಸತ್ಯವಿದೆ. ಆದರೆ ಅದನ್ನು ಓದಿದ ಅನೇಕರು ಕೆಲಸವನ್ನು ಆಚೆಗಿಟ್ಟು ಲೇಬಲ್ಲಿನಿಂದ ಶುರುಮಾಡಿದರು. ನಮ್ಮಲ್ಲಿ ಇದಕ್ಕಿಂತ ಹಳೆಯ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಒಂದು ರೂಢಿಯಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಹೇಳಿಕೊಂಡು ನೋಡು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಹಗ್ಗ ಹೊಸೆಯುವವರು, ಚೆಲ್ಲಿದ ಅಕ್ಕಿ ಆಯುವವರು. ಅವರ ಹೆಸರಿಗಿಂತ ಮೊದಲು ಅವರ ಕಾಯಕ ಬಂದು ನಿಲ್ಲುತ್ತದೆ. ಬಹುಪಾಲು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರು. ಚೌಡಯ್ಯನಾದರೋ ‘ಅಂಬಿಗರ ಚೌಡಯ್ಯ’ ಎಂದು ತನ್ನ ಹೆಸರನ್ನೇ, ಕಾಯಕದ ಸಮೇತ, ವಚನದ ಕೊನೆಗೆ ಒತ್ತಿದ. ಆತ್ಮಸ್ತುತಿ ಬೇಡವೆಂದ ಆ ಶರಣರ ಬಳಗದಲ್ಲಿಯೇ ಇದಕ್ಕೂ ಜಾಗವಿತ್ತು ಎಂಬುದನ್ನು ಮರೆಯಬೇಡ.

ನಮ್ಮ ಕಾಲದಲ್ಲೂ ಹಾಗೆಯೇ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ನೀರು ಹೊತ್ತು ಹಾಕಿ ಬೆಳೆಸಿದ ತಿಮ್ಮಕ್ಕನವರಿಗೆ ‘ಸಾಲುಮರದ’ ಎಂಬ ವಿಶೇಷಣ ಜನರಿಂದಲೇ ಬಂತು. 2019ರಲ್ಲಿ ಪದ್ಮಶ್ರೀ ಬಂದದ್ದು ಅದಕ್ಕೆಷ್ಟೋ ವರ್ಷದ ಮೇಲೆ. ಶಾಲೆಗೆ ಹೋಗದ ಆ ತಾಯಿ ತನ್ನ ಬಗ್ಗೆ ಒಂದು ಸಾಲನ್ನೂ ಬರೆದುಕೊಳ್ಳಬೇಕಾಗಿ ಬರಲಿಲ್ಲ.

ಹಾಗಾದರೆ ನಾನೂ ಸುಮ್ಮನಿದ್ದರೆ ಸಾಕಲ್ಲ ಎನ್ನುತ್ತೀಯೇನೋ. ಸಾಲದು. ತಿಮ್ಮಕ್ಕನವರ ಮರಗಳು ರಸ್ತೆಯ ಪಕ್ಕದಲ್ಲಿದ್ದವು. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿದ್ದವು, ನೆರಳಿಗೆ ನಿಂತವರು ಯಾರು ನೆಟ್ಟಿದ್ದು ಎಂದು ಕೇಳುತ್ತಿದ್ದರು. ನಿನ್ನ ಕೆಲಸ ಲ್ಯಾಪ್‌ಟಾಪಿನೊಳಗೆ, ಕಂಪನಿಯ ಸರ್ವರಿನೊಳಗೆ, ಪಾಸ್‌ವರ್ಡಿನ ಹಿಂದೆ ಇದೆ. ನಿನ್ನ ಮ್ಯಾನೇಜರು ಪುಣೆಯಲ್ಲೋ ಡಬ್ಲಿನ್‌ನಲ್ಲೋ ಕೂತಿರುತ್ತಾರೆ. ಬಡ್ತಿಯ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲದಿದ್ದರೆ ಪ್ರತಿಸಲವೂ ಅದು ಅನ್ಯಾಯವಾಗಿರಬೇಕೆಂದಿಲ್ಲ. ಎಷ್ಟೋ ಸಲ ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಕಾಣದ ಜಾಗದಲ್ಲಿ ಕೆಲಸ ಮಾಡುವವರು ಅದನ್ನು ಕಾಣಿಸುವ ಹೊಣೆಯನ್ನೂ ಹೊರಬೇಕು. ನಾನು ನಿನಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಮೊದಲು ಒಂದು ವಾಕ್ಯ ಬರೆ. ಯಾರ ಯಾವ ತೊಂದರೆಯನ್ನು ನೀನು ಬಗೆಹರಿಸುತ್ತೀಯ ಎಂಬುದು ಅದರಲ್ಲಿರಬೇಕು. ಅದನ್ನು ಮೊದಲು ಕನ್ನಡದಲ್ಲಿ ಬರೆ. ಇದು ಭಾಷಾಭಿಮಾನಕ್ಕೆ ಹೇಳುವ ಮಾತಲ್ಲ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ಪ್ಯಾಶನೇಟ್’, ‘ಡೈನಾಮಿಕ್’, ‘ಟೀಮ್ ಪ್ಲೇಯರ್’, ‘ರಿಸಲ್ಟ್ ಓರಿಯೆಂಟೆಡ್’ ಎಂಬ ಪದಗಳು ತಾವಾಗಿ ಬಂದು ಬೀಳುತ್ತವೆ, ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಐ ಕೈಲಿ ಬರೆಸಿದರೆ ಅವೇ ಪದಗಳು ಇನ್ನಷ್ಟು ನಯವಾಗಿ ಬರುತ್ತವೆ. ಕನ್ನಡದಲ್ಲಿ ಅಂಥ ಸಿದ್ಧ ಪದಗಳು ಕೈಗೆ ಸಿಗುವುದಿಲ್ಲ, ಊರಿನಲ್ಲಿರುವ ಅಜ್ಜಿಗೆ ಹೇಳುವ ಹಾಗೆ ನಿಜವಾಗಿ ಏನು ಮಾಡುತ್ತೀಯ ಎಂಬುದನ್ನೇ ಹೇಳಬೇಕಾಗುತ್ತದೆ. ‘ಸಹಕಾರಿ ಬ್ಯಾಂಕುಗಳು ಬಳಸುವ ತಂತ್ರಾಂಶವನ್ನು ಪರೀಕ್ಷೆ ಮಾಡುತ್ತೇನೆ, ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುತ್ತೇನೆ.’ ಎಷ್ಟು ಚೆನ್ನಾಗಿದೆ ನೋಡು! ಇದನ್ನು ಹಾಗೆಯೇ ಇಂಗ್ಲಿಷಿಗೆ ತಂದು ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಹಾಕು. ಅಲ್ಲಿ 220 ಅಕ್ಷರಗಳಿಗೆ ಜಾಗವಿದೆ, ಇಷ್ಟು ಹೇಳಲು ಧಾರಾಳ. ಬಹಳ ಜನ ಆ ಜಾಗವನ್ನು ಹುದ್ದೆಯ ಹೆಸರು ಬರೆದು ಮುಗಿಸಿಬಿಡುತ್ತಾರೆ. ‘ಸೀನಿಯರ್ ಎಂಜಿನಿಯರ್’ ಎಂದು ಹುಡುಕಿದರೆ ಬೆಂಗಳೂರಿನಲ್ಲಿ ಎಷ್ಟು ಜನ ಸಿಗುತ್ತಾರೆಂದು ನೀನೇ ಯೋಚಿಸು.

‘ನಾವು’ ಎಂಬ ಪದದ ಬಗ್ಗೆಯೂ ಎಚ್ಚರವಿರಲಿ. ಸಂದರ್ಶನದಲ್ಲಿ ನಮ್ಮ ಮಕ್ಕಳು ‘ನಾವು ಮಾಡಿದ್ವಿ, ನಾವು ಕಳಿಸಿದ್ವಿ’ ಎನ್ನುತ್ತಲೇ ಹೋಗುತ್ತಾರೆ. ಅದು ಸಂಸ್ಕಾರ, ಮೆಚ್ಚುತ್ತೇನೆ. ಆದರೆ ಎದುರು ಕೂತವರಿಗೆ ಆ ‘ನಾವು’ ಒಳಗೆ ನೀನು ಎಲ್ಲಿದ್ದೀಯ ಎಂಬುದೇ ಸಿಗುವುದಿಲ್ಲ. ತಂಡ ಮಾಡಿದ್ದನ್ನು ಒಂದು ವಾಕ್ಯದಲ್ಲಿ ಹೇಳು, ಅದರಲ್ಲಿ ನಿನ್ನ ಪಾಲು ಏನೆಂದು ಮುಂದಿನ ವಾಕ್ಯದಲ್ಲಿ ಹೇಳು. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ, ಏನು ಹೇಳಲಿ ಎಂದು ಕೇಳುವವರಿದ್ದಾರೆ. ಗ್ರಾಹಕರ ಹೆಸರು, ಅವರ ಅಂಕಿಅಂಶ, ಒಳಗಿನ ವಿನ್ಯಾಸ ಇವನ್ನು ಬಾಯಿ ಬಿಡಬೇಡ. ತೊಂದರೆ ಯಾವ ಬಗೆಯದು, ನೀನು ಯಾವ ದಾರಿ ಹಿಡಿದೆ, ಯಾಕೆ ಹಿಡಿದೆ, ಅದರಿಂದ ಸುಮಾರು ಎಷ್ಟು ಪಾಲು ಉಳಿತಾಯವಾಯಿತು ಎಂಬುದನ್ನು ಹೆಸರೆತ್ತದೆಯೇ ಹೇಳಬಹುದು. ಎಷ್ಟರವರೆಗೆ ಹೇಳಬಹುದೆಂಬ ಅನುಮಾನ ಬಂದರೆ ಮ್ಯಾನೇಜರನ್ನೇ ಕೇಳು. ಕೇಳಿ ಹೇಳುವವರನ್ನು ಯಾರೂ ಹಗುರವಾಗಿ ನೋಡುವುದಿಲ್ಲ.

ಹೆಸರಿನ ವಿಷಯ ಇನ್ನೊಂದಿದೆ. ಇದನ್ನು ಹೊರಗಿನವರು ಬರೆದ ಪುಸ್ತಕಗಳು ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಎರಡೂ ಇನಿಷಿಯಲ್ಲುಗಳಾಗಿ ಕೂತಿರುತ್ತವೆ. ಸರ್ ಎಂ.ವಿ. ಅವರ ‘ಎಂ’ ಎಂದರೆ ಮೋಕ್ಷಗುಂಡಂ, ಅವರ ಪೂರ್ವಿಕರ ಊರು, ಈಗಿನ ಆಂಧ್ರಪ್ರದೇಶದಲ್ಲಿದೆ. ಅವರು ಹುಟ್ಟಿದ್ದು ಇಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಅವರ ಕಾಲಕ್ಕೆ ಇದರಿಂದ ತೊಡಕಿರಲಿಲ್ಲ, ಈಗಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹೆಸರಿನ ಕೊನೆಗೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿಕೊಂಡು ತಂದೆಯ ಪೂರ್ತಿ ಹೆಸರಾಗಿದೆ. ಪಾಸ್‌ಪೋರ್ಟಿನಲ್ಲಿ ಆ ತಂದೆಯ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ವಿದೇಶದ ಕಚೇರಿಯಲ್ಲಿ ಜನ ನಿನ್ನನ್ನು ನಿನ್ನ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರಂತೂ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು ಕೂರುತ್ತದೆ, ಹೆಸರು ತಿಳಿಯದವರು ಎಂದು ಅದರರ್ಥ. ಇಂಗ್ಲಿಷಿನ ಕಾಗುಣಿತವೂ ಕಾಗದಕ್ಕೊಂದು ಬಗೆ. ಶಿವಕುಮಾರ ಎಂಬ ಹೆಸರಿಗೆ ಒಂದು ಕಡೆ ‘ಎಸ್‌ಎಚ್’, ಇನ್ನೊಂದು ಕಡೆ ಬರಿಯ ‘ಎಸ್’, ಮತ್ತೊಂದು ಕಡೆ ‘ವಿ’ ಬದಲು ‘ಡಬ್ಲ್ಯು’.

ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನಲ್ಲೇ ಇದನ್ನು ಸರಿಪಡಿಸಿಕೊ. ನಿನ್ನ ಹೆಸರು ಹೀಗೆಯೇ ಎಂದು ಒಂದು ರೂಪ ಗೊತ್ತುಮಾಡು. ಸಾಧ್ಯವಾದಷ್ಟು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ರೂಪವನ್ನೇ ಹಿಡಿ, ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸುವುದು ಸುಲಭ. ಆಮೇಲೆ ರೆಸ್ಯೂಮೆ, ಇಮೇಲ್, ಲಿಂಕ್ಡ್‌ಇನ್, ಗಿಟ್‌ಹಬ್, ಬರೆದ ಲೇಖನ, ಎಲ್ಲದರಲ್ಲೂ ಅದೇ ಹೆಸರು ಅದೇ ಕಾಗುಣಿತದಲ್ಲಿ ಬರಲಿ. ನಿನ್ನ ಹೆಸರಿನವರು ಸಾವಿರಾರು ಜನರಿದ್ದರೆ ಇನಿಷಿಯಲ್ಲನ್ನು ಬಿಡಬೇಡ, ನಿನ್ನನ್ನು ಬೇರೆ ಮಾಡಿ ತೋರಿಸುವುದು ಅದೇ. ಸಂಶೋಧನೆಗೆ ಹೋಗುವವರು ‘ಆರ್ಕಿಡ್’ ಎಂಬ ಹದಿನಾರಂಕಿಯ ಗುರುತಿನ ಸಂಖ್ಯೆಯನ್ನು ಮೊದಲ ಪ್ರಬಂಧಕ್ಕೂ ಮುಂಚೆಯೇ ಪಡೆಯಬೇಕು. ಅದಕ್ಕೆ ಶುಲ್ಕವಿಲ್ಲ, ಮದುವೆಯಾಗಿ ಹೆಸರು ಬದಲಾದರೂ ಪ್ರಬಂಧಗಳು ಒಂದೇ ಕಡೆ ಸೇರಿಕೊಂಡಿರುತ್ತವೆ.

ಹೇಳುವುದಷ್ಟೇ ಅಲ್ಲ, ಬೇಡವೆನ್ನುವುದರಿಂದಲೂ ಹೆಸರು ಕಟ್ಟುತ್ತದೆ. ರಾಹುಲ್ ದ್ರಾವಿಡ್ ಅವರನ್ನು ‘ಗೋಡೆ’ ಎಂದು ಕರೆದದ್ದು ಲೋಕ. ಟೆಸ್ಟ್ ಕ್ರಿಕೆಟ್ಟಿನಲ್ಲಿ 31,258 ಚೆಂಡುಗಳನ್ನು ಎದುರಿಸಿದ ಬ್ಯಾಟಿನ ಮೇಲೆ ಆ ಹೆಸರು ನಿಂತಿದೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಗೌರವ ಡಾಕ್ಟರೇಟ್ ಕೊಡಲು ಮುಂದೆ ಬಂದಾಗ ಅವರು ವಂದಿಸಿ ನಿರಾಕರಿಸಿದರು, ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ಮಾಡಿ ಪಡೆಯಲು ಇಷ್ಟಪಡುತ್ತೇನೆ ಎಂದರು. ಹಣ ಕೊಟ್ಟು ತಂದ ಗೌರವ ಡಾಕ್ಟರೇಟುಗಳನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸುವವರ ನಡುವೆ ಆ ನಿರಾಕರಣೆ ನನಗೆ ದೊಡ್ಡದಾಗಿ ಕಂಡಿತು. 2021ರಲ್ಲಿ ಒಂದು ಜಾಹೀರಾತು ಬಂತು, ನೀನೂ ನೋಡಿರುತ್ತೀಯ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ದ್ರಾವಿಡ್ ಕಾರಿನಿಂದೆದ್ದು, ತಾನು ಇಂದಿರಾನಗರದ ಗೂಂಡಾ ಎಂದು ಬ್ಯಾಟು ಬೀಸಿ ಕೂಗಾಡುತ್ತಾರೆ. ದೇಶವೆಲ್ಲ ನಕ್ಕಿತು. ನಕ್ಕಿದ್ದು ಯಾಕೆಂದರೆ ಆತ ಎಂಥವರೆಂಬುದು ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ನಿಜವಾಗಿಯೂ ಮುಂಗೋಪಿಯಾದವರು ಅದೇ ಪಾತ್ರ ಮಾಡಿದ್ದರೆ ನಗು ಬರುತ್ತಿರಲಿಲ್ಲ. ಎರಡು ದಶಕ ಒಂದೇ ರೀತಿ ನಡೆದುಕೊಂಡದ್ದರ ಬೆಲೆ ಆ ಒಂದು ನಿಮಿಷದಲ್ಲಿ ಕಂಡಿತು.

ಸುಳ್ಳಿನ ಬಗ್ಗೆ ಕಟುವಾಗಿಯೇ ಹೇಳಬೇಕು. ಇಷ್ಟು ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಕೊಡುತ್ತೇವೆ ಎನ್ನುವವರು ಬೆಂಗಳೂರಿನಲ್ಲಿದ್ದಾರೆ. ಹತಾಶೆಯಲ್ಲಿ ಆ ಬಾಗಿಲು ತಟ್ಟುವವರ ಸಂಕಟ ನನಗೆ ಅರ್ಥವಾಗುತ್ತದೆ, ಮನೆಯಲ್ಲಿ ಸಾಲ ಇರುತ್ತದೆ, ತಂಗಿಯ ಫೀಸು ಇರುತ್ತದೆ. ಆದರೂ ತಟ್ಟಬೇಡ. ಭವಿಷ್ಯನಿಧಿಗೆ 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ ಬಂದಿದೆ. ಯಾವ ಸಂಸ್ಥೆಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದೆ ಎಂಬುದು ಅದರ ಸೇವಾ ವಿವರದಲ್ಲಿ ಸಾಲಾಗಿ ಕಾಣುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರ ಪರವಾಗಿ ಹಿನ್ನೆಲೆ ಪರಿಶೀಲಿಸುವವರು ಅದನ್ನೇ ಮೊದಲು ಕೇಳುತ್ತಾರೆ. ಅಂಕಪಟ್ಟಿಗಳನ್ನೂ ಈಗ ಡಿಜಿಲಾಕರ್‌ನಲ್ಲಿ ನೋಡಬಹುದು. ಕೆಲಸಕ್ಕೆ ಸೇರಿ ತಿಂಗಳುಗಳಾದ ಮೇಲೆ ಸಿಕ್ಕಿಬಿದ್ದು, ಆವತ್ತೇ ಐಡಿ ಕಾರ್ಡು ಕೊಟ್ಟು ಹೊರಡಬೇಕಾದವರನ್ನು ನೋಡಿದ್ದೇನೆ. ಕೆಲಸವಿಲ್ಲದೆ ಕಳೆದ ವರ್ಷವನ್ನು ಹಾಗೆಂದೇ ಬರೆ. ಆ ವರ್ಷ ಏನು ಕಲಿತೆ, ಯಾರ ಅಂಗಡಿಗೆ ಬಿಲ್ಲಿಂಗ್ ವ್ಯವಸ್ಥೆ ಮಾಡಿಕೊಟ್ಟೆ, ತಂದೆಯ ಕಾಯಿಲೆಯಲ್ಲಿ ಎಷ್ಟು ತಿಂಗಳು ಊರಲ್ಲಿದ್ದೆ ಎಂಬುದನ್ನು ನೇರವಾಗಿ ಹೇಳು. ಅದನ್ನು ಕೇಳಿ ಒಪ್ಪಿಕೊಳ್ಳುವ ಮನುಷ್ಯರು ಮೇಜಿನ ಈಚೆಯೂ ಇದ್ದಾರೆ.

ಇಂಗ್ಲಿಷ್ ಬರುವುದಿಲ್ಲ ಎಂಬ ಅಳುಕು ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಬಹಳ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದದ್ದು, ಆ ನೋವಿನಿಂದಲೇ ತಮ್ಮೂರಿಗೆ ಶಾಲೆ ತಂದದ್ದು ನಾಡಿಗೆಲ್ಲ ಗೊತ್ತು. ಆ ನೋವು ಸಣ್ಣದಲ್ಲ, ನಿನಗದು ಆಗಿದ್ದರೆ ಮುಚ್ಚಿಡಬೇಡ, ಕಲಿ. ಆದರೆ ಕಲಿಯಬೇಕಾದದ್ದು ಕೆಲಸದ ಇಂಗ್ಲಿಷನ್ನು, ಉಚ್ಚಾರಣೆಯ ಠೀವಿಯನ್ನಲ್ಲ. ಸಣ್ಣ ವಾಕ್ಯ, ನಿಧಾನದ ಮಾತು, ಸರಿಯಾದ ಪದ ಇಷ್ಟಿದ್ದರೆ ಸಾಕು. ಮಾತಿಗಿಂತ ಬರಹದಲ್ಲಿ ನೀನು ಬೇಗ ಗೆಲ್ಲಬಹುದು, ತಿದ್ದಲು ಸಮಯ ಸಿಗುತ್ತದೆ. ಇಮೇಲಿನ ತಲೆಬರಹ ಓದಿದರೇ ವಿಷಯ ಗೊತ್ತಾಗಬೇಕು, ಬರಿ ‘ರಿಕ್ವೆಸ್ಟ್’ ಎಂದು ಹಾಕಿದರೆ ಯಾರು ತೆರೆಯುತ್ತಾರೆ? ರೆಸ್ಯೂಮೆ ಫೈಲಿಗೆ ‘ಫೈನಲ್ ನ್ಯೂ 2’ ಎಂದು ಹೆಸರಿಡದೆ ನಿನ್ನ ಹೆಸರಿಡು. ಪರಿಚಯವಿಲ್ಲದ ಹಿರಿಯರಿಗೆ ‘ಪ್ಲೀಸ್ ರೆಫರ್ ಮಿ’ ಎಂದಷ್ಟೇ ಕಳಿಸಬೇಡ. ಅವರ ಯಾವ ಕೆಲಸವನ್ನು ನೋಡಿದೆ, ನೀನು ಯಾರು, ಕೇಳಬೇಕಾದ ಪ್ರಶ್ನೆ ಯಾವುದು ಎಂಬ ಮೂರು ವಾಕ್ಯ ಸಾಕು. ಪ್ರಶ್ನೆ ಒಂದೇ ಇರಲಿ. ಉತ್ತರ ಬಂದರೆ ಆವತ್ತೇ ಧನ್ಯವಾದ ಬರೆ, ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸು, ಆಮೇಲೆ ಬಿಟ್ಟುಬಿಡು.

ನಿನ್ನ ವೃತ್ತಿಯ ಬಗ್ಗೆ ಕನ್ನಡದಲ್ಲೂ ಬರೆ ಎಂದು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕ್ಲೌಡ್, ಸೈಬರ್ ಭದ್ರತೆ, ಆದಾಯ ತೆರಿಗೆ, ಮಣ್ಣು ಪರೀಕ್ಷೆ ಕುರಿತು ಬರೆಯುವವರು ಲಕ್ಷಾಂತರ. ಕನ್ನಡದಲ್ಲಿ ಬಲ್ಲವರು ಬರೆಯುವುದು ಕಡಿಮೆ, ಓದಿ ಉಪಯೋಗ ಪಡೆಯುವವರು ಅಪಾರ. ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ಹೊರದೇಶದ ವಿದ್ವಾಂಸರು ಮನ್ನಿಸಿದ ವಿಜ್ಞಾನಿ. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ್ದನ್ನು ಕನ್ನಡದಲ್ಲಿ ಬರೆದರು, ಆ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಸಂಶೋಧನಾ ಪ್ರಬಂಧಗಳನ್ನು ಓದದ ಲಕ್ಷ ಜನಕ್ಕೆ ಅವರು ಸಸ್ಯವಿಜ್ಞಾನಿಯೆಂದು ಗೊತ್ತಿರುವುದು ಆ ಬರವಣಿಗೆಯಿಂದ. ಇನ್ನೂ ಒಂದು ಸಂಗತಿ ಅವರಿಂದ ಕಲಿಯಬೇಕು. ತಾವು ಗುರುತಿಸಿದ ಒಂದು ಸಸ್ಯಕ್ಕೆ ಹಾರ್ವರ್ಡ್‌ನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರಿಟ್ಟರು, ‘ಸಾರ್ಕ್ಯಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು. ನಿನ್ನ ಕೆಲಸದ ಬಗ್ಗೆ ಬರೆಯುವಾಗಲೆಲ್ಲ ಕಲಿಸಿದವರ ಹೆಸರು, ಜೊತೆಗೆ ದುಡಿದವರ ಹೆಸರು ಅವರ ಒಪ್ಪಿಗೆ ಪಡೆದು ಹೇಳು. ನಿನ್ನ ‘ನಾನು’ ಆಗ ಯಾರ ಕಣ್ಣಿಗೂ ಚುಚ್ಚುವುದಿಲ್ಲ, ನಿನಗೂ ಮುಜುಗರವಾಗುವುದಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ ಅವರು ಕೇಳುವ ಮೊದಲೇ ನಾಲ್ಕು ಒಳ್ಳೆಯ ಸಾಲು ಶಿಫಾರಸು ಬರೆದುಕೊಡು, ಅವರು ಮಾಡಿದ ಕೆಲಸವನ್ನು ಹೆಸರಿಸಿ ಬರೆ.

ದಿನವೂ ಏನಾದರೂ ಹಾಕಬೇಕು ಎನ್ನುವವರ ಮಾತಿಗೆ ಕಿವಿಗೊಡಬೇಡ. ತಿಂಗಳಿಗೊಂದು ಸಾಕು, ಅದು ನೀನು ಕೈಯಾರೆ ಮಾಡಿ ಕಂಡುಕೊಂಡದ್ದಾಗಿರಲಿ. ಲೈಕುಗಳನ್ನು ಎಣಿಸುತ್ತ ಕೂರಬೇಡ. ಬೀದರಿನಲ್ಲೋ ಮಸ್ಕತ್‌ನಲ್ಲೋ ಅದೇ ತೊಂದರೆಯಲ್ಲಿ ಸಿಕ್ಕಿಕೊಂಡ ಒಬ್ಬರು ಓದಿ ‘ಇದರಿಂದ ನನ್ನ ಕೆಲಸ ಆಯ್ತು’ ಎಂದು ಬರೆದರೆ ಅದು ಸಾವಿರ ಲೈಕಿಗಿಂತ ದೊಡ್ಡದು. ಮುಂದೊಂದು ದಿನ ನಿನ್ನ ಹೆಸರನ್ನು ಇನ್ನೊಬ್ಬರಿಗೆ ಹೇಳುವವರು ಅವರೇ.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಡ, ಪ್ರತಿವಾರ ನಿನ್ನ ಕೈಯಿಂದಲೇ ಬರುತ್ತಿದೆ, ನೀನು ಬರೆದಿಡುತ್ತಿಲ್ಲ. ಒಂದು ನೋಟುಪುಸ್ತಕ ಮಾಡು. ಶುಕ್ರವಾರ ಸಂಜೆ ಕಚೇರಿಯಿಂದ ಏಳುವ ಮುಂಚೆ ಕನ್ನಡದಲ್ಲೇ ಮೂರ್ನಾಲ್ಕು ಸಾಲು ಬರೆ. ಈ ವಾರ ಏನು ಸರಿಹೋಯಿತು, ಅದರಲ್ಲಿ ನಿನ್ನ ಪಾಲೇನು, ಮೊದಲು ಎಷ್ಟಿದ್ದದ್ದು ಈಗ ಎಷ್ಟಾಗಿದೆ, ಯಾರು ನೆರವಾದರು. ಅಂಕಿಗಳನ್ನು ಆವತ್ತೇ ಬರೆದಿಡು, ಆರು ತಿಂಗಳ ಮೇಲೆ ನೆನಪಿನಿಂದ ಹೇಳಲು ಹೊರಟರೆ ಅವು ತಾವಾಗಿ ಉಬ್ಬುತ್ತವೆ. ಕಂಪನಿಯ ಗುಟ್ಟು ಮಾತ್ರ ಆ ಪುಸ್ತಕಕ್ಕೂ ಬೇಡ. ಮಾರ್ಚ್ ತಿಂಗಳಲ್ಲಿ ಅಪ್ರೈಸಲ್ ನಮೂನೆ ಬಂದಾಗ ಖಾಲಿ ಪರದೆಯ ಮುಂದೆ ಕೂತು ಬೆವರಬೇಕಾಗಿಲ್ಲ, ಪುಸ್ತಕ ತೆರೆದು ಆರಿಸಿ ಬರೆ. ಇಂಗ್ಲಿಷಿಗೆ ತರುವಾಗ ಎಲ್ಲಾದರೂ ತೊಡಕಿದರೆ ನನಗೆ ಕಳಿಸು, ಇಬ್ಬರೂ ಕೂತು ತಿದ್ದೋಣ.